ಹದಿನೇಳನೆಯ ಅರ್ಜಿ

ಫೆಬ್ರವರಿಯಲ್ಲೇ ಹೇಳಿದ್ದಳು ಲವೀನಾ.
ಬೆಟ್ಟದ ಮೇಲೆ ಅಲ್ಯೂಮಿನಿಯಂ ಕೊಳವೆ ಚುಚ್ಚಿ
ಹಿಮ ತೂಗುವುದು ಅವಳ ಕೆಲಸ, ಇಪ್ಪತ್ತು ವರ್ಷದಿಂದ.
"ಈ ಸಲ ತೂಗಲಿಕ್ಕೇ ಇಲ್ಲ ಕಣೆ,
ಕೊಳವೆಯ ಬಾಯಿಗೆ ಬರೀ ಮಣ್ಣು" ಅಂದಳು
ನನ್ನ ಅಡುಗೆಮನೆಯಲ್ಲಿ ಬೂಟಿನ ದಾರ ಬಿಚ್ಚುತ್ತ.
ಬೂಟು ಒಣಗಿತ್ತು.

ಅದೇ ವಾರ ಅರ್ಜಿ ಹಾಕಿದ್ದೆ, ಹದಿನೇಳನೆಯದು.
ಹದಿನಾರು ಸಲ ಲಾಟರಿ ನನ್ನ ಹೆಸರು ಓದಿರಲಿಲ್ಲ.
ಆ ಹದಿನಾರರಲ್ಲಿ ಎಂಥೆಂಥ ಚಳಿಗಾಲಗಳು!
ಬೇಲಿಕಂಬ ಮುಳುಗುವಷ್ಟು ಹಿಮ,
ಮೇ ತಿಂಗಳಲ್ಲೂ ಕಣಿವೆಯೆಲ್ಲ ಜೌಗು,
ಸೆಪ್ಟೆಂಬರಿಗೆ ಬೇರೆಯವರ ಪಿಕಪ್ಪುಗಳಲ್ಲಿ
ಬುಡಮೇಲಾದ ಮರದಂಥ ಕೊಂಬುಗಳು.
ಶಾಲೆಯ ಬಸ್ಸನ್ನು ಬದಿಗೆ ಸರಿಸಿ
ನಾನು ದಾರಿ ಬಿಟ್ಟುಕೊಟ್ಟೆ.

ಮಾರ್ಚಿನಲ್ಲಿ ಖಾತೆಯಿಂದ ಹಣ ಕಡಿತವಾದಾಗಲೇ ಗೊತ್ತಾಯಿತು:
ಬಂದಿದೆ ನನ್ನ ಪಾಲಿನ ಎಲ್ಕ್.
ಹಲ್ಲಿದ್ದಾಗ ಕಡಲೆಯಿಲ್ಲ ಅನ್ನುತ್ತಾರಲ್ಲ;
ನನ್ನ ಹಲ್ಲು ಗಟ್ಟಿಯಾಗೇ ಇದ್ದವು,
ಸೊರಗಿದ್ದು ಕಡಲೆ.

ಕೊಂಬು ಬೆಳೆಯುವುದು ಏಪ್ರಿಲಿನಿಂದ ಆಗಸ್ಟಿನ ತನಕ.
ಹಿಮ ಕರಗಿ ಹುಲ್ಲಾಗಿ, ಹುಲ್ಲು ಅರಗಿ ಎಲುಬಾಗಿ,
ಒಳ್ಳೆಯ ವರ್ಷ ದಿನಕ್ಕೊಂದು ಬೆರಳಗಲ.
ಕರಗಲಿಕ್ಕೆ ಏನೂ ಇಲ್ಲದ ವರ್ಷ?

ಕಾಡಿನ ಉಕ್ಕಿನ ತೊಟ್ಟಿಗಳಿಗೆ
ನೀರಿನ ಲಾರಿ ಓಡಿಸುವ ತಾನೋ ಬಾಕಾ ಹೇಳಿದ:
"ಬರಗಾಲ ಬೇಟೆಗೆ ಒಳ್ಳೆಯದೇ ಅಕ್ಕಾ.
ನಾಲ್ಕು ಕೆರೆಯಲ್ಲಿ ಮೂರು ಬತ್ತಿವೆ.
ನೀನು ಹುಡುಕಿ ಅಲೆಯಬೇಕಿಲ್ಲ, ಕೂತಿರು."
ಹೇಳಿ, ಏನೋ ತಪ್ಪಾಡಿದವನಂತೆ
ಬಗ್ಗಿ ಪೈಪು ಸುತ್ತತೊಡಗಿದ.

ಜುಲೈ ಮಳೆ ಆಗಸ್ಟು ಮುಗಿಯುವಾಗ ಬಂತು.
ಬಂದದ್ದರಲ್ಲಿ ಗುಡುಗೇ ಹೆಚ್ಚು.

ಕೂತೆ.
ಕೆರೆ ಅಂದರೆ ಒಂದು ಬಚ್ಚಲಿನಷ್ಟು ಕಂದು ನೀರು,
ಸುತ್ತ ಹಪ್ಪಳದಂತೆ ಸುರುಟಿದ ಕೆಸರು,
ಬೆನ್ನಿಗೆ ಜೂನಿಪರ್ ಮರದ ಒರಟು ತೊಗಟೆ.
ಮೊದಲು ಹೆಣ್ಣುಗಳು ಬಂದವು, ಹನ್ನೊಂದು.
ಕರು ಎರಡು.
ದಿನಾ ಮಕ್ಕಳನ್ನು ಎಣಿಸಿ ಬಸ್ಸು ಬಿಡುವವಳು ನಾನು,
ಮತ್ತೆ ಎಣಿಸಿದೆ.
ಎರಡೇ.

ಆಮೇಲೆ ಅವನು.
ಕೂಗು ಅರ್ಧ ದಾರಿಯಲ್ಲೇ ಕೆಮ್ಮಾಯಿತು.
ಎಡಕ್ಕೆ ಐದು ಕವಲು, ಬಲಕ್ಕೆ ಮೂರು,
ನಾಲ್ಕನೆಯದು ಮುರಿದ ಸೀಮೆಸುಣ್ಣ.
ಮುಂಗಾಲು ಕೆಸರಿನಲ್ಲಿ ಹುಗಿದು ತಲೆ ತಗ್ಗಿಸಿದ,
ಕುಡಿದ, ಕುಡಿದ, ಉಸಿರು ತೆಗೆದುಕೊಂಡು ಮತ್ತೆ ಕುಡಿದ.
ಮುಗಿಸಲಿ ಎಂದು ಕಾದೆ.
ಅದಕ್ಕಿಂತ ಹೆಚ್ಚಿನ ಔದಾರ್ಯ
ನನ್ನಲ್ಲಿರಲಿಲ್ಲ.

ಚಾಕು ಹಾಕಿ ಹೊಟ್ಟೆ ತೆರೆದಾಗ
ಮೂತ್ರಪಿಂಡದ ಸುತ್ತ ಕೈತುಂಬ ಸಿಗಬೇಕಾದ ಬಿಳಿ ಕೊಬ್ಬು
ಈರುಳ್ಳಿಯ ಒಳಸಿಪ್ಪೆಯಷ್ಟು;
ಆಚೆಗೆ ನೇರಳೆ ಬಣ್ಣ ಕಾಣುತ್ತಿತ್ತು.
ಲವೀನಾಳ ಕೊಳವೆ ನೆನಪಾಯಿತು.

ಕತ್ತಲಾಗುವ ತನಕ ಹೊತ್ತೆವು, ತಾನೋ ಮತ್ತು ನಾನು,
ಮೂರು ಸಲ ಹೋಗಿ ಬಂದು.
ಒಳ್ಳೆಯ ವರ್ಷವಾಗಿದ್ದರೆ ಐದು.

ವನ್ಯಜೀವಿ ಇಲಾಖೆಗೆ ಒಂದು ಹಲ್ಲು ಕಳಿಸಬೇಕು, ಪುಟ್ಟ ಲಕೋಟೆಯಲ್ಲಿ.
ಸೀಳಿ ನೋಡಿದರೆ ಒಳಗೆ ಚಳಿಗಾಲಕ್ಕೊಂದು ಗೆರೆಯಂತೆ,
ಎಣಿಸಿ ವಯಸ್ಸು ತಿಳಿಸುತ್ತಾರೆ.
ಅಂಟು ನೆಕ್ಕಿ ಮುಚ್ಚುವಾಗ ಅನ್ನಿಸಿತು:
ಕಳೆದ ಸಲದ್ದಕ್ಕೂ ಗೆರೆ ಬಿದ್ದಿರುತ್ತದೆಯೆ,
ಅಷ್ಟು ಸಣ್ಣ ಚಳಿಗಾಲಕ್ಕೆ?

ಗೆದ್ದವರ ಲೆಕ್ಕ ಮತ್ತೆ ಸೊನ್ನೆಯಿಂದ.
ಇನ್ನು ಹದಿನೇಳು ಕೂಡಿದರೆ ನನಗೆ ಎಪ್ಪತ್ತಮೂರು.
ಫಾರ್ಮು ಫ್ರಿಜ್ಜಿನ ಮೇಲಿದೆ, ಆಯಸ್ಕಾಂತದ ಕೆಳಗೆ.

ನಿನ್ನೆ ರಾತ್ರಿ ಲವೀನಾ ಫೋನು ಮಾಡಿದ್ದಳು.
ಎಷ್ಟು ಬಿದ್ದಿದೆ ಅಂತ ನಾನು ಕೇಳಲಿಲ್ಲ,
ಅವಳೂ ಹೇಳಲಿಲ್ಲ.
ಕಾಲುಚೀಲ ಒಲೆಯ ಹತ್ತಿರ ಹರವಿದ್ದೇನೆ ಅಂದಳು,
ಅಷ್ಟೆ.